ಬ್ರೇಕ್ ಮೇಷ್ಟ್ರ ಇಳಿತ

ನಮ್ಮ ಮನೆಯವರನ್ನು ಊರಲ್ಲಿ ಎಲ್ಲರೂ ಕರೆಯುವುದು ಬ್ರೇಕ್ ಮೇಷ್ಟ್ರು ಎಂದು. ಮೂವತ್ತೊಂದು ವರ್ಷ ಹನ್ನೊಂದನೇ ನಂಬರಿನ ಬಸ್ಸು ಓಡಿಸಿದವರು. ಅವರು ಬ್ರೇಕ್ ಹಾಕಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿನವರ ಪರಿಚಯ ಮಾಡಿಕೊಳ್ಳಲೇಬೇಕಿತ್ತು. ಹಾರನ್ನಿನ ಮೇಲಿಟ್ಟ ಕೈ ತೆಗೆಯುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ, ತಟ್ಟೆ ಬರುವುದು ಎರಡು ನಿಮಿಷ ತಡವಾದರೆ ಮೇಜಿನ ಮೇಲೆ ಅಂಗೈ ಒತ್ತಿಕೊಂಡು ಕೂರುತ್ತಿದ್ದರು. ಅಂಥ ಮನುಷ್ಯ ಈಗ ಒಂದು ಕೈ ಎತ್ತಿ ಇಳಿಸುವಷ್ಟರಲ್ಲಿ ನಾನು ಒಂದು ಗುಂಡಿ ಹೊಲಿದು ದಾರ ಕತ್ತರಿಸಿರುತ್ತೇನೆ.

ನಾನು ದರ್ಜಿ. ಹೊಸ ಬಟ್ಟೆ ಹೊಲಿಯುವವಳಲ್ಲ, ಹೊಲಿದದ್ದನ್ನು ಸರಿಮಾಡುವವಳು. ಪ್ಯಾಂಟಿನ ಕಾಲು ಮಡಿಚುವುದು, ಸೊಂಟ ಬಿಡಿಸುವುದು, ಜಿಪ್ ಬದಲಿಸುವುದು. ಬಸ್ ಡಿಪೋ ಎದುರು ಒಂದು ಬಾಗಿಲಿನ ಅಂಗಡಿ. ಈ ಕೆಲಸದಲ್ಲಿ ಜನರ ಬಗ್ಗೆ ತಿಳಿಯುವಷ್ಟು ಡಾಕ್ಟರಿಗೂ ತಿಳಿಯುವುದಿಲ್ಲ. ಯಾರು ಕರಗುತ್ತಿದ್ದಾರೆ, ಯಾರು ಊದುತ್ತಿದ್ದಾರೆ, ಯಾರ ಭುಜ ಒಂದು ಕಡೆ ಇಳಿದಿದೆ, ಎಲ್ಲ ಟೇಪಿಗೆ ಗೊತ್ತು. ಅದಕ್ಕೇ ಈ ಕೆಲಸದಲ್ಲಿ ಒಂದು ನೇಮ: ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಬಾರದು. ಕಟ್ಟಿಕೊಂಡ ಗಂಡನಿಗೂ ಹೇಳಬಾರದು. ಬಾಯಿ ಜೋರಿನವಳು ಎಂದು ಹೆಸರು ಪಡೆದಿರುವ ನಾನು ಆ ನೇಮವೊಂದನ್ನು ಮಾತ್ರ ಮುರಿದಿರಲಿಲ್ಲ, ಹೋದ ತಿಂಗಳವರೆಗೆ.

ಕಥೆ ಶುರುವಾಗುವುದು ಹಡಗಿನಜ್ಜನಿಂದ. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಮುದುಕ ಅವರು. ಯಾವ್ಯಾವುದೋ ಬಂದರುಗಳಲ್ಲಿ ಇಳಿದು, ಎಲ್ಲೋ ಒಂದು ಕಡೆ ತೈ ಚಿ ಎನ್ನುವ ಚೀನಾದ ನಿಧಾನದ ಕಸರತ್ತು ಕಲಿತು, ಕೊನೆಗೆ ನಮ್ಮ ಡಿಪೋ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಬೆಳಿಗ್ಗೆ ಐದೂವರೆಗೆ ಡಿಪೋ ಹಿಂದಿನ ಬಯಲಿನಲ್ಲಿ ಒಬ್ಬರೇ ನಿಂತು ಕೈ ಆಡಿಸುತ್ತಿದ್ದರು. ನಮ್ಮ ಮನೆಯವರಿಗೆ ಆಗ ನಲವತ್ತೆರಡು. ರಕ್ತದೊತ್ತಡ ಎಷ್ಟು ಏರಿತ್ತೆಂದರೆ ಡಾಕ್ಟರು ಎರಡು ಸಲ ಅಳೆದು, ಯಂತ್ರ ಕೆಟ್ಟಿದೆಯೇನೋ ಎಂದು ತಮ್ಮ ಕೈಗೇ ಕಟ್ಟಿ ನೋಡಿಕೊಂಡಿದ್ದರು. ಒಂದು ಬೆಳಿಗ್ಗೆ ಬಸ್ಸು ಹಿಂದಕ್ಕೆ ತೆಗೆಯುವಾಗ ಅಜ್ಜ ಅಡ್ಡ ಸಿಕ್ಕರು. ಇವರು ಹಾರನ್ನು ಒತ್ತಿದರು. ಅಜ್ಜ ಕದಲಲಿಲ್ಲ. ಮತ್ತೆ ಒತ್ತಿದರು. ಅಜ್ಜ ಎತ್ತಿದ್ದ ಕಾಲನ್ನು ನಿಧಾನವಾಗಿ, ಹಾಸಿಗೆಯಲ್ಲಿ ಮಲಗಿದ ಮಗು ಏಳಬಾರದು ಅನ್ನುವ ಹಾಗೆ, ನೆಲಕ್ಕಿಟ್ಟು ಆಮೇಲೆ ತಿರುಗಿ ನೋಡಿದರು. ಆ ಹೊತ್ತಿಗೆ ಬಸ್ಸು ಆರು ನಿಮಿಷ ತಡವಾಗಿತ್ತು, ಆದರೆ ಇವರಿಗೆ ಕೋಪ ಬಂದಿರಲಿಲ್ಲವಂತೆ. "ಅದೇ ಮೊದಲನೇ ಸಲ ಕಣೇ," ಎಂದು ಇವತ್ತಿಗೂ ಹೇಳುತ್ತಾರೆ. ಮಾರನೆಯ ದಿನದಿಂದ ಅಜ್ಜನ ಬೆನ್ನ ಹಿಂದೆ ಹೋಗಿ ನಿಂತರು. ಎಂಟು ವರ್ಷ ನಿಂತರು.

ಅಜ್ಜ ಮಾತಾಡುತ್ತಿದ್ದದ್ದೇ ಕಮ್ಮಿ. ವಿವರಣೆ ಅಂತೂ ಇಲ್ಲವೇ ಇಲ್ಲ. "ನೋಡು. ಮಾಡು." ಇಷ್ಟೇ ಪಾಠ. ಇವರು ನೋಡಿದರು, ಮಾಡಿದರು. ಅಜ್ಜನ ಮೊಣಕೈ ಎಲ್ಲಿ ತಿರುಗುತ್ತದೋ ಅಲ್ಲೇ ತಿರುಗಿಸಿದರು, ಎಲ್ಲಿ ಉಸಿರು ಬಿಡುತ್ತಾರೋ ಅಲ್ಲೇ ಬಿಟ್ಟರು. ತೈ ಚಿಯ ಭಂಗಿಗಳ ಸರಣಿಯಲ್ಲಿ ಒಂಟಿಗಾಲ ಹುಂಜ ಎಂದು ಒಂದು ಭಂಗಿಯಿದೆ. ಅಲ್ಲಿಯವರೆಗೆ ಮಂಡಿಗಳು ಬಗ್ಗಿಯೇ ಇರುತ್ತವೆ. ಅಲ್ಲಿ ಮಾತ್ರ ಪೂರಾ ಎದ್ದು ನಿಂತು, ಭಾರವನ್ನೆಲ್ಲ ಎಡಗಾಲಿಗೆ ಬಿಟ್ಟು, ಬಲಗಾಲನ್ನು ಮೇಲೆತ್ತಬೇಕು. ಎತ್ತುವ ಮುಂಚೆ ಅಜ್ಜನ ಮೈ ಎಡಕ್ಕೆ ಒಂದು ಇಂಚು ಕೆಳಗಿಳಿಯುತ್ತಿತ್ತು. ಇಳಿದು, ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಏಳುತ್ತಿತ್ತು.

ಇವರು ಅದಕ್ಕೆ ಇಳಿತ ಎಂದು ಹೆಸರಿಟ್ಟರು.

ಇಳಿತದ ಮೇಲೆ ನಮ್ಮ ಮನೆಯಲ್ಲಿ ನಡೆದಿರುವಷ್ಟು ಚರ್ಚೆ ಮಗಳ ಮದುವೆಯ ಬಗ್ಗೆಯೂ ನಡೆದಿಲ್ಲ. "ಎಲ್ಲಾ ಗುಟ್ಟೂ ಅಲ್ಲೇ ಇರೋದು ಕಣೇ. ಹೊರಗಡೆಯಿಂದ ನೋಡೋರಿಗೆ ಏನೂ ಕಾಣಲ್ಲ. ಮೇಲೇಳೋಕ್ಕೆ ಮುಂಚೆ ಒಂಚೂರು ಇಳೀಬೇಕು. ಅಲ್ಲಿ ಉಸಿರು ಅಂಗಾಲಿಗೆ ಹೋಗುತ್ತೆ. ಒಳಗಿನ ಶಕ್ತಿ ಅಂತಾರಲ್ಲ, ಅದು ಅಲ್ಲೇ ಹುಟ್ಟೋದು." ಹೀಗೆ ಹೇಳುವಾಗ ಅವರ ಮುಖ ನೋಡಬೇಕು. ಬಸ್ಸಿನ ಹೊಗೆಯಲ್ಲಿ ಬೆಂದ ಮುಖ ಅದು, ಅಷ್ಟು ಹೊತ್ತು ಎಳೆಯ ಹುಡುಗನ ಮುಖವಾಗುತ್ತಿತ್ತು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ಅಜ್ಜ ನನ್ನ ಅಂಗಡಿಗೂ ಬರುತ್ತಿದ್ದರು. ಮೊದಲ ಸಲ ಬಯಲಿನಲ್ಲಿ ಹಾಕಿಕೊಳ್ಳುವ ಎರಡು ಪ್ಯಾಂಟು ತಂದು ಕೌಂಟರಿನ ಮೇಲಿಟ್ಟು, ಆಚೀಚೆ ನೋಡಿ, "ಎಡಗಡೆ ಒಂದಿಂಚು ಜಾಸ್ತಿ ಮಡಿಚಮ್ಮ. ಯಾರಿಗೂ ಹೇಳ್ಬೇಡ," ಎಂದಿದ್ದರು. ಎಡಗಾಲು ಹುಟ್ಟಿನಿಂದಲೇ ಒಂದಿಂಚು ಗಿಡ್ಡ. ಬೂಟಿನೊಳಗೆ ದಪ್ಪ ಅಟ್ಟೆ ಹಾಕಿಸಿಕೊಂಡಿದ್ದರು, ಬೀದಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಯಲಿನಲ್ಲಿ ಮಾತ್ರ ಬೂಟು ಬಿಚ್ಚಿ ತೆಳ್ಳನೆಯ ಬಟ್ಟೆಯ ಚಪ್ಪಲಿ ಹಾಕುತ್ತಿದ್ದರು. ಎದ್ದು ನಿಂತು ಗಿಡ್ಡ ಕಾಲಿನ ಮೇಲೆ ಭಾರ ಬಿಟ್ಟರೆ ಮೈ ಒಂದಿಂಚು ಇಳಿಯದೆ ಇನ್ನೇನು ಮಾಡೀತು?

ಇಳಿತದ ಗುಟ್ಟು ಇಷ್ಟೇ.

ಇವರು ಮೊದಲ ಸಲ ಇಳಿತದ ಬಗ್ಗೆ ಹೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅಜ್ಜನಿಗೆ ಕೊಟ್ಟ ಮಾತು ಒಂದು, ಅಂಗಡಿಯ ನೇಮ ಇನ್ನೊಂದು. ಆಮೇಲೆ ವರ್ಷಗಳು ಹೋದವು. ಮಾತ್ರೆಗಳು ಮೂರಿದ್ದದ್ದು ಒಂದಾಯಿತು. ಮನೆಯಲ್ಲಿ ಬಾಗಿಲು ದಡಾರೆಂದು ಬಡಿಯುವುದು ನಿಂತಿತು. ಒಂದು ಸಂಜೆ ನಾನು ಸಾರಿನ ಪಾತ್ರೆಯನ್ನು ನೆಲಕ್ಕೆ ಕವುಚಿಹಾಕಿದಾಗ ಇವರು ಬಟ್ಟೆ ತಂದು ನನ್ನ ಪಕ್ಕದಲ್ಲೇ ಕೂತು ಒರೆಸಿದರು, ಒಂದು ಮಾತೂ ಆಡದೆ. ಆ ಮನುಷ್ಯನಿಗೆ ಈಗ ಹೋಗಿ ಅದು ಗಿಡ್ಡ ಕಾಲು ಕಣ್ರೀ ಎಂದು ಹೇಳುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ನನಗಂತೂ ಬರಲಿಲ್ಲ. ಅಜ್ಜ ತೀರಿಕೊಂಡ ಮೇಲೂ ಬರಲಿಲ್ಲ.

ಅಜ್ಜ ಹೋಗಿ ಹನ್ನೆರಡು ವರ್ಷವಾಯಿತು. ಆ ವರ್ಷವೇ ಇವರು ವಾಚನಾಲಯದ ಮಹಡಿಯ ಮೇಲಿನ ಹಾಲಿನಲ್ಲಿ ಶಾಲೆ ತೆರೆದರು. ಬಾಗಿಲಿಗೆ ತಾವೇ ಒಂದು ರಟ್ಟು ಬರೆದು ತೂಗುಹಾಕಿದರು: "ತೈ ಚಿ ಶಾಲೆ. ಯಾರು ಬೇಕಾದರೂ ಬರಬಹುದು. ತಡವಾಗಿ ಬಂದರೂ ಪರವಾಗಿಲ್ಲ." ತಡವಾಗಿ ಬಂದರೂ ಪರವಾಗಿಲ್ಲವಂತೆ! ಅರ್ಧ ನಿಮಿಷ ತಡವಾದವರ ಮೂಗಿನ ಮೇಲೆ ಬಸ್ಸಿನ ಬಾಗಿಲು ಹಾಕುತ್ತಿದ್ದ ಮಹಾನುಭಾವರು ಇವರೇ.

ಜನ ಬಂದರು. ಮೊದಲು ಬೇಕರಿಯವನು, ಹಿಟ್ಟು ಮೆತ್ತಿದ ಮೊಣಕೈಗಳ ಸಮೇತ. ಆಮೇಲೆ ರಾತ್ರಿ ಪಾಳಿ ಮುಗಿಸಿ ನೇರ ಬರುವ ನರ್ಸಮ್ಮ, ಬೀಗದ ಅಂಗಡಿಯ ಅಪ್ಪ ಮತ್ತು ಮಗಳು, ಪಾರ್ಶ್ವವಾಯು ಹೊಡೆದು ಬಲಗೈ ಏಳದ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಿಗೆ ಕುರ್ಚಿ ಹಾಕಿಕೊಟ್ಟರು. ಅವರು ಕೂತೇ ಎಡಗೈಯಲ್ಲಿ ಮಾಡುತ್ತಾರೆ, ಬಲಗೈಯನ್ನು ಮನಸ್ಸಿನಲ್ಲಿ ಎತ್ತುತ್ತಾರೆ. ಹೊಸಬರು ಯಾರೇ ಬರಲಿ, ಅವರನ್ನು ಗುಂಪಿನ ಮಧ್ಯದಲ್ಲಿ ನಿಲ್ಲಿಸುತ್ತಾರೆ, ಯಾವ ಕಡೆಗೆ ತಿರುಗಿದರೂ ನೋಡಿಕೊಂಡು ಮಾಡಲು ಮುಂದೆ ಒಬ್ಬರು ಇರಲಿ ಎಂದು. ಈಗ ಮೂವತ್ತು ಜನ.

ನಾನು ಸೇರಲಿಲ್ಲ. ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು, ಕೈಹೊಲಿಗೆ ಇಟ್ಟುಕೊಂಡು ಕೂರುತ್ತೇನೆ. ಯಾಕಮ್ಮ ಸೇರಲ್ಲ ಎಂದರೆ ಸೊಂಟ ನೋವು ಎನ್ನುತ್ತಿದ್ದೆ. ಸುಳ್ಳು. ಆ ಇಳಿತದ ಹತ್ತಿರ ಬಂದರೆ ನನ್ನ ಮುಖವೇ ನನ್ನ ಗುಟ್ಟು ಬಿಟ್ಟುಕೊಡುತ್ತದೆ ಎಂಬ ಭಯ.

ಆದರೆ ಆ ಶಾಲೆಯ ಬೆಳಗು ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಆರು ಗಂಟೆಗೆ ಕಿಟಕಿಗಳು ಬೂದು ಬಣ್ಣಕ್ಕಿರುತ್ತವೆ. ಕೆಳಗಿನ ವಾಚನಾಲಯದಿಂದ ಹಳೆ ಕಾಗದದ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಯಾರೂ ಮಾತಾಡುವುದಿಲ್ಲ. ಇವರು ಕೈ ಎತ್ತುತ್ತಾರೆ, ಅರವತ್ತು ಕೈಗಳು ಏಳುತ್ತವೆ, ಡ್ರಾಯಿಂಗ್ ಮೇಷ್ಟ್ರ ಕಾಣದ ಕೈಯೂ ಸೇರಿದರೆ. ಮೋಡದ ಕೈ ಎನ್ನುವ ಭಂಗಿಯಲ್ಲಿ ಎಲ್ಲರೂ ಪಕ್ಕಕ್ಕೆ ಸರಿಯುವಾಗ ಹಾಲೇ ಒಂದು ಕಡೆಗೆ ಸರಿಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತುಬಿಟ್ಟಿರುತ್ತದೆ. ಎಷ್ಟೋ ಬೆಳಗುಗಳಲ್ಲಿ ನಾನು ನನ್ನ ಸತ್ತುಹೋದ ಅವ್ವನನ್ನು ಆ ಸಾಲಿನ ಕೊನೆಯಲ್ಲಿ ನೋಡಿದ್ದೇನೆ, ತಲೆಗೆ ಬಟ್ಟೆ ಸುತ್ತಿಕೊಂಡು, ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ. ಆಮೇಲೆ ಹುಂಜದ ಭಂಗಿ ಬರುತ್ತದೆ. ಮೂವತ್ತು ಜನ, ಸರಿಯಾದ ಎರಡು ಕಾಲಿರುವ ಮೂವತ್ತು ಜನ, ಎಡಕ್ಕೆ ಒಂದಿಂಚು ಇಳಿಯುತ್ತಾರೆ, ಡ್ರಾಯಿಂಗ್ ಮೇಷ್ಟ್ರು ಕುರ್ಚಿಯಲ್ಲೇ. ಯಾರಿಂದಲೋ ಒಂದು ನಿಟ್ಟುಸಿರು ಬರುತ್ತದೆ. ನರ್ಸಮ್ಮ ಒಂದು ಸಲ ನನ್ನ ಕೈ ಹಿಡಿದು ಹೇಳಿದ್ದಳು, "ಅಕ್ಕ, ಅಲ್ಲಿ ಇಳಿದಾಗ ರಾತ್ರಿ ಇಡೀ ನೋಡಿದ್ದೆಲ್ಲ ಕಾಲಲ್ಲಿ ಹೊರಟೋಗುತ್ತೆ. ಇಲ್ಲ ಅಂದ್ರೆ ನಿದ್ದೆ ಬರಲ್ಲ ನನಗೆ."

ಹೋದ ತಿಂಗಳು ವಾಚನಾಲಯದ ಸಮಿತಿಯವರು ಒಂದು ಕಾಗದ ಕೊಟ್ಟರು. ಇನ್ನು ಮೇಲೆ ಹಾಲಿನಲ್ಲಿ ಏನೇ ಕಲಿಸಬೇಕಾದರೂ ಕಲಿಸುವವರ ಹತ್ತಿರ ಅರ್ಹತಾ ಪತ್ರ ಇರಬೇಕು, ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು. ಇವರ ಹತ್ತಿರ ಇದ್ದದ್ದು ಬಸ್ಸು ಓಡಿಸುವ ಅರ್ಹತಾ ಪತ್ರ ಒಂದೇ. ಅಜ್ಜನಿಗೆ ಒಬ್ಬಳು ಮಗಳಿದ್ದಾಳೆ, ದೂರದ ಊರಿನಲ್ಲಿ ತೈ ಚಿಯ ದೊಡ್ಡ ಶಾಲೆ ನಡೆಸುತ್ತಾಳೆ, ಪತ್ರ ಕೊಡುವ ಅಧಿಕಾರ ಆಕೆಗಿದೆ. ಇವರು ಬರೆದರು. ಆಕೆ ಎರಡೇ ಸಾಲಿನ ಉತ್ತರ ಬರೆದರು: ಬಂದು ನೋಡುತ್ತೇನೆ, ಸರಿಯಿದ್ದರೆ ಕೊಡುತ್ತೇನೆ.

ನನಗೆ ಕಾಲಿನ ಯೋಚನೆ ಹತ್ತಿತು. ಆಕೆಗೆ ಅಪ್ಪನ ಕಾಲು ಗೊತ್ತಿರುವುದಿಲ್ಲವೆ? ಮೂವತ್ತು ಜನ ಸಾಲಾಗಿ ನಿಂತು ತನ್ನ ಅಪ್ಪನ ಕುಂಟುನಡೆಯನ್ನು ಆಡಿ ತೋರಿಸಿದರೆ ಯಾವ ಮಗಳು ಸುಮ್ಮನಿರುತ್ತಾಳೆ? ಇವರಂತೂ ಖುಷಿಗೆ ಆವತ್ತಿನಿಂದ ನೆಲದ ಮೇಲೆ ನಡೆಯಲಿಲ್ಲ. ಮನೆಯಲ್ಲಿ ಓಡಾಡುವಾಗೆಲ್ಲ ತುಟಿ ಅಲ್ಲಾಡಿಸುತ್ತಿದ್ದರು.

ಆಕೆ ಬರುವ ಹಿಂದಿನ ದಿನ ಸಂಜೆ ನಾನು ಇವರ ಬಿಳಿ ಷರಟಿಗೆ ಇಸ್ತ್ರಿ ಹಾಕುತ್ತಿದ್ದೆ. ಇವರು ನನ್ನೆದುರು ಬಂದು ನಿಂತರು.

"ನಾಳೆ ಏನು ಮಾತಾಡಬೇಕು ಅಂತ ತೀರ್ಮಾನ ಮಾಡಿದೀನಿ ಕಣೇ. ಮೊದಲು ಇಳಿತದ ಬಗ್ಗೆ ಹೇಳ್ತೀನಿ. ಅವರಿಗೂ ಗೊತ್ತಿರಲಿಕ್ಕಿಲ್ಲ. ಅಜ್ಜ ಅದನ್ನ ನನಗೊಬ್ಬನಿಗೇ ಕೊಟ್ಟು ಹೋಗಿದ್ದಾರೆ ಅನ್ಸುತ್ತೆ."

ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟೆ. ಷರಟು ಸುಟ್ಟುಕೊಳ್ಳುವುದು ಬೇಡ ಎಂದು.

"ರೀ, ಕೂತ್ಕೊಳ್ಳಿ ಇಲ್ಲಿ. ಅದನ್ನ ಅವರಿಗೆ ಹೇಳಬೇಡಿ."

"ಯಾಕೆ?"

"ಅಜ್ಜನ ಎಡಗಾಲು ಒಂದಿಂಚು ಗಿಡ್ಡ ಇತ್ತು. ಹುಟ್ಟಿನಿಂದ. ನಾನೇ ಪ್ಯಾಂಟು ಮಡಿಚಿ ಕೊಡ್ತಿದ್ದೆ. ಅದಕ್ಕೇ ಅವರ ಮೈ ಇಳೀತಿತ್ತು. ಬೇರೆ ಏನೂ ಇಲ್ಲ ಅಲ್ಲಿ."

ಇವರು ಕೂತರು. ಬಹಳ ಹೊತ್ತು ತಮ್ಮ ಎಡಗಾಲನ್ನೇ ನೋಡಿಕೊಂಡರು. ಹಳೆಯ ಕಾಲವಾಗಿದ್ದರೆ ಮನೆಯ ಸೂರು ಹಾರಿಹೋಗುತ್ತಿತ್ತು. ಕೂಗಿಬಿಡಲಿ ಎಂದು ನಾನೇ ಕಾದೆ. ಕೂಗಲಿಲ್ಲ.

"ಇಪ್ಪತ್ತು ವರ್ಷ ಒಳಗೊಳಗೇ ನಗ್ತಾ ಇದ್ದೆಯಾ?"

"ಮೊದಲನೇ ವರ್ಷ ನಕ್ಕೆ. ಆಮೇಲೆ ಇಲ್ಲ."

"ಆಮೇಲೆ ಯಾಕೆ ಹೇಳಲಿಲ್ಲ?"

"ನೀವು ಚೆನ್ನಾಗಿದ್ರಿ," ಎಂದೆ. "ನೀವು ಚೆನ್ನಾಗಿದ್ದದ್ದು ನನಗೆ ಬೇಕಾಗಿತ್ತು. ಅದು ಯಾತರಿಂದ ಅಂತ ಕೆದಕೋಕ್ಕೆ ಭಯ ಆಯ್ತು ರೀ."

ಅಳು ಬಂತು, ಅತ್ತುಬಿಟ್ಟೆ. ಇವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಎದ್ದು ಹಿಂದಿನ ಬಾಗಿಲ ಹತ್ತಿರ ಹೋಗಿ ಬರಿಗಾಲಲ್ಲಿ ನಿಂತು, ಹುಂಜದ ಭಂಗಿಯನ್ನು ಇಳಿತವಿಲ್ಲದೆ ಮಾಡಿದರು. ಮತ್ತೆ ಮಾಡಿದರು. ಪ್ರತಿ ಸಲವೂ ಅಲ್ಲಿಗೆ ಬಂದಾಗ ಕಾಲು ತಡವರಿಸುತ್ತಿತ್ತು. ಊಟಕ್ಕೆ ಕರೆದೆ, ಹಸಿವಿಲ್ಲ ಎಂದರು.

ಮಾರನೆಯ ಬೆಳಿಗ್ಗೆ ಹಾಲಿನಲ್ಲಿ ಎಲ್ಲರೂ ಇದ್ದರು. ಇಳಿತದ ವಿಷಯ ಶಿಷ್ಯರಿಗೆ ಹೇಳಲು ಹೊತ್ತೂ ಇರಲಿಲ್ಲ, ಇವರಿಗೆ ಬಾಯೂ ಇರಲಿಲ್ಲ. ಅಜ್ಜನ ಮಗಳು ಬಂದರು. ಅರವತ್ತರ ಹತ್ತಿರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ನಗದ ಮುಖ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕಾಗದ ಇಟ್ಟುಕೊಂಡು, "ಶುರು ಮಾಡಿ," ಎಂದರು.

ಇವರು ಕೈ ಎತ್ತಿದರು. ಇಡೀ ಸಾಲು ತೇಲತೊಡಗಿತು. ಕಿಟಕಿಯ ಬೂದು ಬಣ್ಣ ಮೆಲ್ಲಗೆ ತಿಳಿಯಾಯಿತು. ಬೇಕರಿಯವನ ಬೆನ್ನು, ಬೀಗದಂಗಡಿಯ ಅಪ್ಪ ಮಗಳ ಬೆನ್ನು, ಎಲ್ಲ ಒಟ್ಟಿಗೆ ತಿರುಗಿದವು. ನಾನು ಹೊಲಿಗೆಯನ್ನು ತಂದೇ ಇರಲಿಲ್ಲ, ಬರಿಗೈಯನ್ನು ಬರಿಗೈಯಲ್ಲಿ ಹಿಸುಕಿಕೊಂಡು ಕೂತಿದ್ದೆ. ಹುಂಜ ಬಂತು. ಮುಂದೆ ನಿಂತ ಇವರು ನೆಟ್ಟಗೆ ನಿಂತು, ನೆಟ್ಟಗೇ ಕಾಲೆತ್ತಿದರು. ಹಿಂದಿದ್ದ ಮೂವತ್ತು ಜನ ಎಡಕ್ಕೆ ಒಂದಿಂಚು ಇಳಿದರು. ಆ ನಿಟ್ಟುಸಿರು ಬಂತು. ಬೆನ್ನ ಹಿಂದೆ ಅದನ್ನು ಕೇಳಿಸಿಕೊಂಡದ್ದೇ ಇವರ ಕಾಲು ಅಲುಗಿತು, ಎತ್ತಿದ ಕಾಲು ದೊಪ್ಪನೆ ನೆಲಕ್ಕೆ ಬಿತ್ತು. ಹನ್ನೆರಡು ವರ್ಷದಲ್ಲಿ ಆ ಹಾಲಿನಲ್ಲಿ ಅಂಥ ಸದ್ದು ಆಗಿರಲಿಲ್ಲ. ಹೇಗೋ ಸಂಭಾಳಿಸಿಕೊಂಡು ಕೊನೆಯವರೆಗೆ ಮಾಡಿ ಮುಗಿಸಿದರು. ಕುತ್ತಿಗೆ ಬೆವೆತು ಕಾಲರು ಒದ್ದೆಯಾಗಿತ್ತು.

ಅಜ್ಜನ ಮಗಳು ಎದ್ದು ಬಂದು ಇವರ ಮುಂದೆ ನಿಂತರು. ನಾನೂ ಎದ್ದು ನಿಂತೆ, ಬೈದರೆ ಅಡ್ಡ ಹೋಗುವುದಕ್ಕೆ.

"ಇವರೆಲ್ಲ ಸರಿಯಾಗೇ ಮಾಡಿದ್ರು," ಎಂದರು ಆಕೆ. "ನೀವ್ಯಾಕೆ ತಪ್ಪಿಸಿದ್ರಿ?"

ಇವರು ಕೈ ಮುಗಿದರು. "ಅಮ್ಮ, ಅದು... ಅದು ತಪ್ಪು ಅಂತ ನನಗೆ ನಿನ್ನೆ ಗೊತ್ತಾಯ್ತು. ಅಜ್ಜನ ಕಾಲಿನ ವಿಷಯ. ನನಗೆ ಗೊತ್ತಿರಲಿಲ್ಲ. ಅದೇ ಗುಟ್ಟು ಅಂತ ಇವರಿಗೆಲ್ಲ ಕಲಿಸಿಬಿಟ್ಟಿದೀನಿ. ಪತ್ರ ಕೊಡದಿದ್ರೂ ಸರಿ. ಇವರದ್ದೇನೂ ತಪ್ಪಿಲ್ಲ."

ಆಕೆ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಸಹಿ ಹಾಕಿ, ಅದನ್ನು ನನ್ನ ಕೈಗೆ ಕೊಟ್ಟರು.

"ನಾನೂ ಇಷ್ಟು ವರ್ಷದಿಂದ ಕಲಿಸ್ತಿದೀನಿ," ಎಂದರು, ಇವರ ಕಡೆ ತಿರುಗಿ. "ನನ್ನ ಹತ್ತಿರ ಇನ್ನೂರು ಜನ ಇದಾರೆ. ಎಲ್ಲರಿಗೂ ನೆಟ್ಟಗೇ ಕಲಿಸಿದೀನಿ. ಅಪ್ಪ ಬದುಕಿದ್ದಾಗ ಅವರು ಮಾಡೋದನ್ನ ಯಾರಾದ್ರೂ ನೋಡಿಬಿಟ್ಟರೆ ಅಂತ ನಾಚಿಕೆ ಆಗ್ತಿತ್ತು ನನಗೆ. ಅದಕ್ಕೇ ನನ್ನ ಶಾಲೆಗೆ ಅವರನ್ನ ಒಂದು ದಿನಾನೂ ಕರೀಲಿಲ್ಲ." ಪೆನ್ನಿಗೆ ಮುಚ್ಚಳ ಹಾಕಿದರು. "ಮಂಡಿ ನೋವಿರೋರಿಗೆ ನೆಟ್ಟಗೆ ಕಲಿಸಿ. ಉಳಿದೋರು ಹೀಗೇ ಮಾಡ್ಲಿ. ಈಗ ಇನ್ನೊಂದು ಸಲ ಮಾಡೋಣ. ನಾನೂ ನಿಲ್ತೀನಿ."

ಆಕೆ ಬೂಟು ಬಿಚ್ಚಿ ಇವರ ಬೆನ್ನ ಹಿಂದೆ ನಿಂತರು. ಮತ್ತೆ ಮೊದಲಿನಿಂದ. ಈ ಸಲ ನನಗೆ ಯಾರೂ ಕಾಣಿಸಲಿಲ್ಲ, ಕಣ್ಣು ತುಂಬಿ ಎಲ್ಲ ಕಲಸಿಹೋಗಿತ್ತು. ಡಿಪೋ ಹಿಂದಿನ ಬಯಲು, ಬೆಳಗಿನ ಬೂದು ಬೆಳಕು, ತೆಳ್ಳನೆಯ ಚಪ್ಪಲಿ ಹಾಕಿದ ಒಬ್ಬ ಮುದುಕ, ಅಷ್ಟೇ ಕಾಣುತ್ತಿತ್ತು. ಕಣ್ಣೊರೆಸಿಕೊಂಡೆ. ಹುಂಜ ಬಂತು. ಇವರು ಎಡಕ್ಕೆ ಇಳಿದರು. ಮೂವತ್ತು ಜನ ಇಳಿದರು. ಅಜ್ಜನ ಮಗಳೂ ಇಳಿದರು.

ಆಕೆ ಏಳಲಿಲ್ಲ. ಎಡಮಂಡಿ ಬಗ್ಗಿಸಿಕೊಂಡು ಹಾಗೇ ನಿಂತು, ಸದ್ದಿಲ್ಲದೆ ಅಳತೊಡಗಿದರು. ಇವರು ಹಿಂತಿರುಗಿ ನೋಡಲಿಲ್ಲ, ಆದರೆ ಬೆನ್ನ ಹಿಂದಿನ ಉಸಿರಿನಲ್ಲೇ ಅವರಿಗೆ ಗೊತ್ತಾಗಿತ್ತು. ಅವರೂ ಕಾಲೆತ್ತಲಿಲ್ಲ. ಹಿಂದಿನವರು ಯಾರೂ ಎತ್ತಲಿಲ್ಲ. ಬೇಕರಿಯವನ ತೊಡೆ ನಡುಗುತ್ತಿತ್ತು, ನರ್ಸಮ್ಮ ತುಟಿ ಕಚ್ಚಿಕೊಂಡಿದ್ದಳು. ಆಕೆಯ ಅಳು ಮುಗಿಯುವವರೆಗೆ ಎಲ್ಲರೂ ಹಾಗೇ ಕಾದರು.